ಹೊಲ ಮಾರಿ ಪೈಲಟ್ ಆಗುವ ಮುನ್ನ

ಅಕ್ಕಲಕೋಟೆ: ಸೊಲ್ಲಾಪುರದ ಸಿದ್ಧೇಶ್ವರ ಸಹಕಾರಿ ಸಕ್ಕರೆ ಕಾರ್ಖಾನೆಯ ಚಿಮಣಿಯನ್ನು 2023ರ ಜೂನ್‌ನಲ್ಲಿ ಕೆಡವಿದಾಗ ನಮ್ಮ ಭಾಗದ ಕಬ್ಬು ಬೆಳೆಗಾರರು ಹಾಕಿದ ಹಿಡಿಶಾಪ ಇನ್ನೂ ಕಿವಿಯಲ್ಲಿದೆ. ವಿಮಾನ ಇಳಿಯುವ ದಾರಿಗೆ ಚಿಮಣಿ ಅಡ್ಡ ಎಂಬುದು ಆಡಳಿತದ ವಾದವಾಗಿತ್ತು. ಅದಾಗಿ ಎರಡು ವರ್ಷಕ್ಕೆ, 2025ರ ಜೂನ್‌ನಲ್ಲಿ, ಸೊಲ್ಲಾಪುರದಿಂದ ಗೋವಾಕ್ಕೆ ವಿಮಾನ ಹಾರಿತು. ಆ ಮೇಲೆ ಊರ ಹುಡುಗರ ಕಣ್ಣು ಮೇಲೆಯೇ ಇದೆ. ಪೊಲೀಸ್ ಭರ್ತಿ, ತಲಾಠಿ ಪರೀಕ್ಷೆ ಎನ್ನುತ್ತಿದ್ದ ಬಾಯಲ್ಲಿ ಈಗ 'ಪೈಲಟ್ ಕೋರ್ಸ್' ಎಂಬ ಮಾತು.

ಹನ್ನೆರಡನೆಯ ತರಗತಿ ಮುಗಿಸಿದ ಹುಡುಗರು ಇಂಥ ಕನಸು ಕಂಡರೆ ಆಶ್ಚರ್ಯವಿಲ್ಲ. ಆದರೆ ಕಳೆದ ದೀಪಾವಳಿಗೆ ನನ್ನ ಮನೆಗೆ ಬಂದವನು ಮೂವತ್ತು ದಾಟಿದವನು. ಜತ್ತ ತಾಲೂಕಿನ ಕನ್ನಡ ಶಾಲೆಯಲ್ಲಿ ಕಲಿತು, ಎಂಜಿನಿಯರಿಂಗ್ ಮಾಡಿ, ಪುಣೆಯ ಕಂಪನಿಯೊಂದರಲ್ಲಿ ತಿಂಗಳಿಗೆ 60 ಸಾವಿರ ಪಗಾರ ಎಣಿಸುವವನು. "ಕಾಕಾ, ನೌಕರಿ ಬಿಟ್ಟು ಪೈಲಟ್ ಆಗಬೇಕಂತ ಮಾಡೇನಿ. ಅಪ್ಪ ನಾಲ್ಕು ಎಕರೆ ಮಾರತೀನಿ ಅಂದಾರ. ನೀವು ಪೇಪರಿನವರು, ಯಾವ ಶಾಲೆ ಚಲೋ ಹೇಳ್ರಿ" ಎಂದ. ಬಿ.ಎ. ಓದಿದ ನನಗೆ ವಿಮಾನದ ರೆಕ್ಕೆ ಯಾವುದು, ಬಾಲ ಯಾವುದು ಎಂಬುದಕ್ಕಿಂತ ಹೆಚ್ಚು ತಿಳಿದಿರಲಿಲ್ಲ. ಆದರೆ ನಾಲ್ಕು ಎಕರೆ ಎಂದರೆ ಏನೆಂಬುದು ಚೆನ್ನಾಗಿ ಗೊತ್ತು. ಹಾಗಾಗಿ ಎರಡು ತಿಂಗಳು ಕಾಗದ ಪತ್ರ ತಿರುವಿ, ತರಬೇತಿ ಮುಗಿಸಿದವರನ್ನೂ ಅರ್ಧಕ್ಕೆ ಬಿಟ್ಟವರನ್ನೂ ಮಾತನಾಡಿಸಿ, ಶಾಲೆಯೊಂದರ ಬಾಗಿಲಿಗೂ ಹೋಗಿ ಬಂದೆ. ತಿಳಿದದ್ದು ಇದು.

ಮೊದಲು ಬೇಡಿಕೆಯ ಮಾತು. ಇದರಲ್ಲಿ ಅರ್ಧ ಸತ್ಯವಿದೆ. 2023ರ ಫೆಬ್ರುವರಿಯಲ್ಲಿ ಏರ್ ಇಂಡಿಯಾ 470 ವಿಮಾನಗಳಿಗೆ, ಜೂನ್‌ನಲ್ಲಿ ಇಂಡಿಗೊ 500 ವಿಮಾನಗಳಿಗೆ ಆರ್ಡರ್ ಕೊಟ್ಟವು. ಮುಂದಿನ ಹದಿನೈದು ಇಪ್ಪತ್ತು ವರ್ಷಗಳಲ್ಲಿ ದೇಶಕ್ಕೆ 30 ಸಾವಿರ ಪೈಲಟ್‌ಗಳು ಬೇಕಾದೀತೆಂದು ಕೇಂದ್ರ ಸಚಿವರೇ ಹೇಳಿದ್ದಾರೆ. 2025ರ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊ ವಿಮಾನಗಳು ಸಾಲುಸಾಲಾಗಿ ರದ್ದಾಗಿ ಜನ ನಿಲ್ದಾಣಗಳಲ್ಲಿ ನೆಲದ ಮೇಲೆ ಮಲಗಿದ್ದನ್ನು ಟೀವಿಯಲ್ಲಿ ಎಲ್ಲರೂ ನೋಡಿದರು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ತಾಸಿನಿಂದ 48 ತಾಸಿಗೆ ಏರಿಸಿದ, ರಾತ್ರಿ ಇಳಿಸುವ ಸಂಖ್ಯೆಯನ್ನು ಕಡಿಮೆ ಮಾಡಿದ ಹೊಸ ನಿಯಮಕ್ಕೆ ಕಂಪನಿ ಸಾಕಷ್ಟು ಜನರನ್ನು ಸಿದ್ಧಮಾಡಿಕೊಂಡಿರಲಿಲ್ಲ. ತರಬೇತಿ ಶಾಲೆಗಳ ಏಜೆಂಟರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕೆ?

ಆದರೆ ಕಂಪನಿಗಳಿಗೆ ಎಲ್ಲಕ್ಕಿಂತ ತುರ್ತಾಗಿ ಬೇಕಾಗುವುದು ಅನುಭವಸ್ಥ ಕ್ಯಾಪ್ಟನ್‌ಗಳು. ಆ ಮಟ್ಟದ ಲೈಸೆನ್ಸಿಗೆ 1,500 ತಾಸು ಹಾರಿರಬೇಕು. ಶಾಲೆಯಿಂದ ಹೊರಬೀಳುವ ಹುಡುಗನ ಕೈಯಲ್ಲಿ ಇರುವುದು 200 ತಾಸು. ಕಮರ್ಷಿಯಲ್ ಪೈಲಟ್ ಲೈಸೆನ್ಸ್ ಪಡೆದವರ ಸಂಖ್ಯೆ 2020ರಲ್ಲಿ 578 ಇದ್ದದ್ದು 2022ರಲ್ಲಿ 1,165ಕ್ಕೆ, 2023ರಲ್ಲಿ 1,622ಕ್ಕೆ ಏರಿತು. ಇವರೆಲ್ಲರಿಗೂ ಮರುದಿನವೇ ಕಾಕ್‌ಪಿಟ್‌ನಲ್ಲಿ ಜಾಗ ಸಿಕ್ಕಿಲ್ಲ. ಲೈಸೆನ್ಸ್ ಹಿಡಿದು ವರ್ಷ ಎರಡು ವರ್ಷ ಕಾದವರು ನನಗೇ ಸಿಕ್ಕಿದ್ದಾರೆ. 2012ರಲ್ಲಿ ಕಿಂಗ್‌ಫಿಶರ್, 2019ರಲ್ಲಿ ಜೆಟ್ ಏರ್‌ವೇಸ್, 2023ರಲ್ಲಿ ಗೋ ಫಸ್ಟ್ ಹಾರಾಟ ನಿಲ್ಲಿಸಿದಾಗ ಅನುಭವಿ ಪೈಲಟ್‌ಗಳೇ ಕೆಲಸ ಹುಡುಕುತ್ತ ಹೊರಟರು. ಆಗ ಹೊಸಬರನ್ನು ಯಾರು ಕೇಳುತ್ತಾರೆ? ಮಳೆಯಂತೆ ಈ ಉದ್ಯಮಕ್ಕೂ ಒಳ್ಳೆಯ ವರ್ಷ, ಕೆಟ್ಟ ವರ್ಷ ಉಂಟು. ನೀವು ತರಬೇತಿ ಮುಗಿಸಿ ಹೊರಬರುವ ವರ್ಷ ಯಾವುದೆಂದು ಯಾವ ಪಂಚಾಂಗವೂ ಹೇಳುವುದಿಲ್ಲ.

ಹಾಗಾಗಿ ಶಾಲೆ ಹುಡುಕುವ ಮೊದಲು ಮಾಡಬೇಕಾದ ಕೆಲಸಗಳಿವೆ. ಇವಕ್ಕೆ ಲಕ್ಷಗಟ್ಟಲೆ ಬೇಕಾಗಿಲ್ಲ, ಕೆಲವು ಸಾವಿರ ಸಾಕು.

ಒಂದನೆಯದು ವೈದ್ಯಕೀಯ ಪರೀಕ್ಷೆ. ವಿಮಾನಯಾನ ಮಹಾನಿರ್ದೇಶನಾಲಯ, ಅಂದರೆ ಡಿಜಿಸಿಎ, ಮಾನ್ಯ ಮಾಡಿದ ವೈದ್ಯರಲ್ಲಿ ಮೊದಲು ಎರಡನೆಯ ದರ್ಜೆಯ ತಪಾಸಣೆ, ನಂತರ ಮೊದಲ ದರ್ಜೆಯ ತಪಾಸಣೆ. ಬೆಂಗಳೂರಿನಲ್ಲಿ ವಾಯುಸೇನೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದಕ್ಕೆ ಹೆಸರಾದ ಜಾಗ. ಕನ್ನಡಕ ಇದ್ದ ಮಾತ್ರಕ್ಕೆ ಯಾರನ್ನೂ ತಿರಸ್ಕರಿಸುವುದಿಲ್ಲ, ಕನ್ನಡಕ ಹಾಕಿದಾಗ ದೃಷ್ಟಿ ಸರಿಯಿದ್ದರೆ ಸಾಕು. ಬಣ್ಣ ಗುರುತಿಸುವ ಶಕ್ತಿ, ಹೃದಯ, ಕಿವಿ, ಸಕ್ಕರೆ, ರಕ್ತದೊತ್ತಡ ಎಲ್ಲವನ್ನೂ ನೋಡುತ್ತಾರೆ. ಹದಿನೆಂಟರ ಹುಡುಗನಿಗೆ ಇಲ್ಲದ ತೊಂದರೆ ಹತ್ತು ವರ್ಷ ಕಂಪ್ಯೂಟರ್ ಮುಂದೆ ಕುಳಿತ ಮೂವತ್ತೆರಡರವನಿಗೆ ಇರಬಹುದು. ಶಾಲೆಗೆ ಹತ್ತು ಲಕ್ಷ ಮುಂಗಡ ಕಟ್ಟಿ ಆಮೇಲೆ ತಪಾಸಣೆಗೆ ಹೋದವರ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತದೆ. ಮೊದಲ ದರ್ಜೆಯ ಪ್ರಮಾಣಪತ್ರ ಕೈಗೆ ಬರುವ ತನಕ ಯಾವ ಶಾಲೆಗೂ ಒಂದು ರೂಪಾಯಿ ಕೊಡಬೇಡಿ. ತಪಾಸಣೆಯನ್ನು ನಾವೇ ಮಾಡಿಸಿಕೊಡುತ್ತೇವೆ, ಮೊದಲು ಅಡ್ಮಿಷನ್ ಮಾಡಿ ಎನ್ನುವ ಶಾಲೆಯನ್ನು ಅಲ್ಲಿಯೇ ಬಿಟ್ಟು ಬನ್ನಿ.

ಎರಡನೆಯದು ಅಂಕಪಟ್ಟಿ. ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ಗಣಿತ ಇರಲೇಬೇಕೆಂಬುದು ನಿಯಮ. ನನ್ನಂತೆ ಕಲಾ ವಿಭಾಗದಲ್ಲಿ ಓದಿದವರು, ವಾಣಿಜ್ಯ ಓದಿದವರು ರಾಷ್ಟ್ರೀಯ ಮುಕ್ತ ಶಾಲೆಯ ಮೂಲಕ ಈ ಎರಡು ವಿಷಯ ಬರೆದು ಪಾಸಾಗುವ ದಾರಿ ಇದೆ. ಈ ನಿಯಮ ಸಡಿಲಿಸುವ ಪ್ರಸ್ತಾಪ 2025ರಲ್ಲಿ ಸುದ್ದಿಯಾಯಿತು. ಸುದ್ದಿಯನ್ನು ನಂಬಿ ಹಣ ಕಟ್ಟಬಾರದು, ಡಿಜಿಸಿಎ ಆದೇಶ ನೋಡಿ ಮುಂದುವರಿಯಬೇಕು. ನಮ್ಮ ಗಡಿಭಾಗದವರಿಗೆ ಇನ್ನೊಂದು ತಲೆನೋವಿದೆ. ಹತ್ತನೆಯ ತರಗತಿ ಮಹಾರಾಷ್ಟ್ರ ಮಂಡಳಿ, ಹನ್ನೆರಡು ವಿಜಯಪುರದಲ್ಲಿ, ಪದವಿ ಮತ್ತೆ ಸೊಲ್ಲಾಪುರದಲ್ಲಿ ಎಂಬಂಥ ಓದು ನಮ್ಮದು. ಒಂದು ಕಡೆ ಅಡ್ಡಹೆಸರು ಮೊದಲು, ಇನ್ನೊಂದು ಕಡೆ ತಂದೆಯ ಹೆಸರಿನ ಒಂದೇ ಅಕ್ಷರ, ಪಾಸ್‌ಪೋರ್ಟಿನಲ್ಲಿ ಮತ್ತೊಂದು ಬಗೆ. ಡಿಜಿಸಿಎ ಅಂಕಪಟ್ಟಿಯ ನೈಜತೆಯನ್ನು ಆಯಾ ಮಂಡಳಿಯಿಂದ ದೃಢಪಡಿಸಿಕೊಂಡು ಬರುವಂತೆ ಕೇಳುತ್ತದೆ. ಹೆಸರಿನ ವ್ಯತ್ಯಾಸ ಸರಿಪಡಿಸಲು ತಿಂಗಳುಗಳೇ ಬೇಕು. ಕೆಲಸದಲ್ಲಿ ಇರುವಾಗಲೇ ಇದನ್ನು ಮುಗಿಸಿಕೊಳ್ಳುವುದು ಜಾಣತನ.

ಮೂರನೆಯದು ಲಿಖಿತ ಪರೀಕ್ಷೆಗಳು. ಏರ್ ನ್ಯಾವಿಗೇಶನ್, ಹವಾಮಾನ, ವಿಮಾನಯಾನ ನಿಯಮ, ತಾಂತ್ರಿಕ ವಿಷಯ. ಪಾಸಾಗಲು ನೂರಕ್ಕೆ 70 ಅಂಕ ಬೇಕು. ಜೊತೆಗೆ ರೇಡಿಯೊದಲ್ಲಿ ಮಾತನಾಡುವ ಪರವಾನಗಿ. ಇವುಗಳಲ್ಲಿ ಬಹುಪಾಲನ್ನು ನೌಕರಿ ಬಿಡದೆಯೇ, ರಾತ್ರಿ ಓದಿ, ಬರೆಯಬಹುದು. ನೌಕರಿ ಬದಲಿಸುವವರಿಗೆ ಇದಕ್ಕಿಂತ ಒಳ್ಳೆಯ ಒರೆಗಲ್ಲು ಇಲ್ಲ. ಎರಡು ಮೂರು ವಿಷಯ ಪಾಸಾದರೆ ಮುಂದಕ್ಕೆ ಹೋಗಿ. ಪುಸ್ತಕ ತೆರೆಯಲೇ ಬೇಸರವಾದರೆ ಅಪ್ಪನ ಹೊಲ ಉಳಿಯಿತು. ಇಂಗ್ಲಿಷ್ ಬಗ್ಗೆ ನಮ್ಮ ಹುಡುಗರಿಗೆ ಇರುವ ಅಳುಕಿನ ಬಗ್ಗೆಯೂ ಒಂದು ಮಾತು: ಅಂತರರಾಷ್ಟ್ರೀಯ ಮಾಪನದಲ್ಲಿ ಆರು ಹಂತಗಳಿದ್ದು ನಾಲ್ಕನೆಯ ಹಂತ ತಲುಪಿದರೆ ಸಾಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಮರಾಠಿ, ಕಚೇರಿಯಲ್ಲಿ ಹಿಂದಿ ಆಡುವವನಿಗೆ ನಾಲ್ಕನೆಯ ಭಾಷೆಯಲ್ಲಿ ಸ್ಪಷ್ಟವಾಗಿ ಮಾತನಾಡುವುದು ಅಸಾಧ್ಯವೇನಲ್ಲ.

ಇನ್ನು ಶಾಲೆ. 2021ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರ ಬೆಳಗಾವಿ, ಕಲಬುರಗಿ, ಜಳಗಾಂವ್, ಖಜುರಾಹೊ, ಲೀಲಾಬರಿಗಳಲ್ಲಿ ತರಬೇತಿ ಶಾಲೆಗಳಿಗೆ ಜಾಗ ಹಂಚಿತು. 2022ರ ಸುತ್ತಿನಲ್ಲಿ ಹುಬ್ಬಳ್ಳಿ, ಕಡಪ, ಸೇಲಂ, ಭಾವನಗರ, ಕಿಶನ್‌ಗಢದ ಹೆಸರು ಬಂತು. ನಕಾಶೆ ಹರಡಿ ನೋಡಿದರೆ ಗಡಿನಾಡ ಕನ್ನಡಿಗರ ಸುತ್ತಲೇ ಒಂದು ಮಾಲೆ ಕಟ್ಟಿದಂತೆ ಕಾಣುತ್ತದೆ. ನಮಗೆ ಕಲಬುರಗಿ, ಜತ್ತಿನವರಿಗೆ ಬೆಳಗಾವಿ ಮತ್ತು ಬಾರಾಮತಿ, ಹೊಸೂರಿನವರಿಗೆ ಸೇಲಂ, ರಾಯದುರ್ಗ ಮಡಕಶಿರಾದವರಿಗೆ ಕಡಪ. ಕಾಸರಗೋಡಿನವರಿಗೆ ತಿರುವನಂತಪುರದಲ್ಲಿ ಕೇರಳ ಸರಕಾರದ ರಾಜೀವ್ ಗಾಂಧಿ ಅಕಾಡೆಮಿ ಇದೆ, ಆದರೆ ಆ ರಾಜ್ಯದ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋಗಬೇಕು. ಊರಿಗೆ ಹತ್ತಿರ ಎಂಬ ಕಾರಣಕ್ಕೆ ಶಾಲೆ ಆರಿಸಿದವರೇ ಹೆಚ್ಚು. ಹಾಸ್ಟೆಲ್ ಖರ್ಚು ಉಳಿಯುತ್ತದೆ, ಹಬ್ಬಕ್ಕೆ ಮನೆಗೆ ಬರಬಹುದು, ಇದೆಲ್ಲ ನಿಜ. ಆದರೆ 50 ಲಕ್ಷದ ಮಾತಿನಲ್ಲಿ ಬಸ್ ಚಾರ್ಜು ನೋಡಿ ತೀರ್ಮಾನಿಸುವುದು ಸರಿಯೆ?

ನೋಡಬೇಕಾದದ್ದು ಬೇರೆ. ಲೆಕ್ಕವನ್ನು ಉದಾಹರಣೆಯಾಗಿಯೇ ಹೇಳುತ್ತೇನೆ. ಒಂದು ಶಾಲೆಯಲ್ಲಿ ಹಾರುವ ಸ್ಥಿತಿಯಲ್ಲಿರುವ ಐದು ವಿಮಾನಗಳಿವೆ ಎನ್ನಿ. ಪ್ರತಿ ವಿಮಾನ ತಿಂಗಳಿಗೆ 60 ತಾಸು ಹಾರಿದರೆ ಒಟ್ಟು 300 ತಾಸು. ವಿದ್ಯಾರ್ಥಿಗಳು 60 ಮಂದಿ ಇದ್ದರೆ ತಲೆಗೆ ತಿಂಗಳಿಗೆ ಐದು ತಾಸು ಬರುತ್ತದೆ. ಲೈಸೆನ್ಸಿಗೆ 200 ತಾಸು ಬೇಕು. ಅಂದರೆ 40 ತಿಂಗಳು! ಒಂದೂವರೆ ವರ್ಷದಲ್ಲಿ ಮುಗಿಸಿಕೊಡುತ್ತೇವೆ ಎಂದು ಪುಸ್ತಿಕೆಯಲ್ಲಿ ಅಚ್ಚು ಹಾಕಿದ ಶಾಲೆಯಲ್ಲಿ ಮೂರು ವರ್ಷ ನಾಲ್ಕು ತಿಂಗಳು. ಸಾಲದ ಬಡ್ಡಿ ಮಾತ್ರ ವಿಮಾನಕ್ಕಾಗಿ ಕಾಯುವುದಿಲ್ಲ. ಇನ್ನೂ ಒಂದು ತೊಡಕಿದೆ. ಲೈಸೆನ್ಸಿಗೆ ಅರ್ಜಿ ಹಾಕುವ ದಿನದಿಂದ ಹಿಂದಿನ ಐದು ವರ್ಷದೊಳಗೆ ಈ 200 ತಾಸು ಆಗಿರಬೇಕು. ವರ್ಷಗಟ್ಟಲೆ ಎಳೆದರೆ ಮೊದಲು ಹಾರಿದ ತಾಸುಗಳು ಲೆಕ್ಕದಿಂದ ಬಿದ್ದುಹೋಗುತ್ತವೆ.

ನಾನು ಹೋಗಿದ್ದ ಶಾಲೆಯಲ್ಲಿ ಸ್ವಾಗತದ ಮೇಜಿನ ಹಿಂದೆ ದೊಡ್ಡ ವಿಮಾನದ ಬಣ್ಣದ ಚಿತ್ರ, ತಣ್ಣನೆಯ ಕೋಣೆ, ಚಹಾ. ನಿಮ್ಮಲ್ಲಿ ಎಷ್ಟು ವಿಮಾನ ಎಂದೆ. ಹನ್ನೆರಡು ಎಂದರು. ಇಂದು ಬೆಳಿಗ್ಗೆ ಎಷ್ಟು ಹಾರಿದವು ಎಂದೆ. ಆ ಮನುಷ್ಯ ಒಳಗೆ ಹೋಗಿ ಕೇಳಿ ಬಂದು ನಾಲ್ಕು ಎಂದ. ಉಳಿದವು ಬಿಡಿಭಾಗಕ್ಕಾಗಿ ಕಾಯುತ್ತಿದ್ದವಂತೆ. ಹೊರಗೆ ಬೇವಿನ ಮರದ ಕೆಳಗೆ ಕುಳಿತಿದ್ದ ಹುಡುಗರನ್ನು ಮಾತನಾಡಿಸಿದಾಗ ಒಬ್ಬ, ಹನ್ನೊಂದು ತಿಂಗಳಲ್ಲಿ 43 ತಾಸು ಆಗಿದೆ ಎಂದ. ಶುಲ್ಕ ಮಾತ್ರ ಮುಕ್ಕಾಲು ಭಾಗ ಕಟ್ಟಿದ್ದ. ಶಾಲೆಯ ನಿಜವಾದ ಪುಸ್ತಿಕೆ ಸಿಗುವುದು ಆ ಮರದ ಕೆಳಗೆ. ಹೋದವರು ಒಂದು ಪೂರ್ತಿ ದಿನ ಅಲ್ಲಿ ಕಳೆಯಬೇಕು. ಕಳೆದ ಮೂರು ತಿಂಗಳಲ್ಲಿ ನೀನು ಎಷ್ಟು ಹಾರಿದೆ, ನಿನ್ನ ಶಿಕ್ಷಕರು ಎಷ್ಟು ಸಲ ಬದಲಾದರು, ರಾತ್ರಿ ಹಾರಾಟ ಇಲ್ಲೇ ಆಗುತ್ತದೆಯೋ ಬೇರೆ ಊರಿಗೆ ಕಳಿಸುತ್ತಾರೋ, ಎರಡು ಎಂಜಿನ್‌ನ ವಿಮಾನ ಇಲ್ಲಿಯೇ ಇದೆಯೋ ಎಂದು ಕೇಳಬೇಕು. ಕೊನೆಯದು ಮುಖ್ಯ. ಒಂದೇ ಎಂಜಿನ್‌ನ ಲೈಸೆನ್ಸ್ ಹಿಡಿದು ಹೋದವನಿಗೆ ಕಂಪನಿಯ ಬಾಗಿಲು ತೆರೆಯುವುದು ಕಷ್ಟ. ಎರಡು ಎಂಜಿನ್ ಮತ್ತು ಇನ್‌ಸ್ಟ್ರುಮೆಂಟ್ ಅರ್ಹತೆ ಬೇಕೇ ಬೇಕು, ಅದನ್ನು ಹೆಚ್ಚುವರಿ ಶುಲ್ಕವೆಂದು ಕೊನೆಗೆ ಹೇಳುವ ಶಾಲೆಗಳಿವೆ.

ಮಳೆಯ ಲೆಕ್ಕವನ್ನೂ ಹಾಕಬೇಕು. ಬೆಳಗಾವಿಯ ಜುಲೈ ತಿಂಗಳ ಮೋಡ ಕಂಡವರಿಗೆ ವಿವರಿಸಬೇಕಿಲ್ಲ. ಕಲಬುರಗಿ, ಬಾರಾಮತಿಯ ಒಣ ಆಕಾಶ ರೈತನಿಗೆ ಶಾಪವಾದರೂ ಹಾರುವವನಿಗೆ ವರ. ಪ್ರಯಾಣಿಕ ವಿಮಾನಗಳು ಹೆಚ್ಚಿರುವ ನಿಲ್ದಾಣದಲ್ಲಿ ತರಬೇತಿಯ ಪುಟ್ಟ ವಿಮಾನ ಎಂಜಿನ್ ಚಾಲೂ ಇಟ್ಟು ಸರದಿ ಕಾಯಬೇಕಾಗುತ್ತದೆ.

ಸುರಕ್ಷತೆಯ ಬಗ್ಗೆ ಕೇಳಲು ನಮ್ಮವರಿಗೆ ಸಂಕೋಚ. ಅಪಶಕುನ ನುಡಿದಂತೆ ಎಂದುಕೊಳ್ಳುತ್ತಾರೆ. 2022ರ ಜುಲೈನಲ್ಲಿ ಬಾರಾಮತಿಯಿಂದ ಹೊರಟ ತರಬೇತಿ ವಿಮಾನ ಇಂದಾಪುರ ತಾಲೂಕಿನ ಹೊಲದಲ್ಲಿ ಬಿದ್ದಿತು, ಒಬ್ಬಳೇ ಹಾರಿಸುತ್ತಿದ್ದ 22ರ ಹುಡುಗಿ ಗಾಯಗೊಂಡು ಬದುಕಿದಳು. 2023ರ ಮೇ ಕೊನೆಗೆ ಬೆಳಗಾವಿ ಬಳಿಯ ಹೊನ್ನಿಹಾಳದ ಹೊಲದಲ್ಲಿ ಇನ್ನೊಂದು ತುರ್ತಾಗಿ ಇಳಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬಾರಾಮತಿಯಲ್ಲಿ ನಾಲ್ಕೇ ದಿನದ ಅಂತರದಲ್ಲಿ ಎರಡು ಅವಘಡಗಳಾದವು. ಡಿಜಿಸಿಎ ಆ ಶಾಲೆಯ ಎಲ್ಲ ನೆಲೆಗಳಲ್ಲೂ ತರಬೇತಿ ನಿಲ್ಲಿಸಿ ತನಿಖೆಗೆ ಇಳಿಯಿತು. ನಂತರ ಮತ್ತೆ ಅನುಮತಿ ಸಿಕ್ಕಿತು, ಆದರೆ ಅಷ್ಟು ದಿನ ವಿದ್ಯಾರ್ಥಿಗಳು ನೆಲದ ಮೇಲೆ. ವಿಮಾನ ನಿರ್ವಹಣೆಯ ಎಂಜಿನಿಯರ್‌ಗಳು ಶಾಲೆಯ ಸಂಬಳದವರೋ, ಕರೆದಾಗ ಬರುವವರೋ? ಐದು ವರ್ಷಗಳಲ್ಲಿ ಎಷ್ಟು ಅವಘಡ? ಇದನ್ನು ಕೇಳಿದ್ದಕ್ಕೆ ಮುಖ ಸಿಂಡರಿಸುವ ಶಾಲೆ ಬೇಡ.

ಈಗ ಒಂದು ಸಹಾಯ ಬಂದಿದೆ. 2025ರ ಅಕ್ಟೋಬರ್‌ನಿಂದ ಡಿಜಿಸಿಎ ತರಬೇತಿ ಶಾಲೆಗಳಿಗೆ ದರ್ಜೆ ಕೊಡಲು ತೊಡಗಿತು. ನೂರು ಅಂಕಗಳಲ್ಲಿ 40 ಶಾಲೆಯ ಸಾಧನೆಗೆ, 20 ಕಾರ್ಯಾಚರಣೆಗೆ, 20 ಸುರಕ್ಷತೆಗೆ, ಉಳಿದದ್ದು ನಿಯಮ ಪಾಲನೆಗೂ ವಿದ್ಯಾರ್ಥಿಗಳ ನೆರವಿಗೂ. ಮೊದಲ ಪಟ್ಟಿಯಲ್ಲಿ 35 ಶಾಲೆಗಳಿದ್ದವು. ಅತ್ಯುತ್ತಮವಾದ 'ಎ' ಡಬಲ್ ಪ್ಲಸ್ ಮತ್ತು 'ಎ' ಪ್ಲಸ್ ದರ್ಜೆ ಒಂದಕ್ಕೂ ಸಿಗಲಿಲ್ಲ! 13 ಶಾಲೆಗಳಿಗೆ 'ಎ', 22ಕ್ಕೆ 'ಬಿ'. 'ಬಿ' ಎಂದರೆ ನೂರಕ್ಕೆ 50 ಕೂಡ ಬಂದಿಲ್ಲ ಎಂದರ್ಥ. ಲಿಖಿತ ಪರೀಕ್ಷೆಯಲ್ಲಿ ವಿದ್ಯಾರ್ಥಿಗೆ 70 ಬೇಕು, ಕಲಿಸುವ ಶಾಲೆ 50 ತೆಗೆಯದಿದ್ದರೂ ನಡೆಯುತ್ತದೆ. ವರ್ಷಕ್ಕೆ ಎರಡು ಸಲ, ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ, ಪಟ್ಟಿ ಹೊಸದಾಗಬೇಕೆಂಬುದು ವ್ಯವಸ್ಥೆ. ಸೇರುವಾಗ ಹೊಸ ಪಟ್ಟಿಯನ್ನೇ ನೋಡಬೇಕು, ಶಾಲೆಯ ಗೋಡೆಗೆ ಅಂಟಿಸಿದ್ದನ್ನು ನಂಬಬಾರದು. ಪಟ್ಟಿಯೊಂದೇ ಸಾಕು ಎಂದು ನಾನು ಹೇಳಲಾರೆ, ಬೇವಿನ ಮರದ ಕೆಳಗಿನ ವಿಚಾರಣೆಗೆ ಅದು ಬದಲಿಯಾಗದು. ಆದರೂ ಏನೂ ಇಲ್ಲದ ಕಾಲಕ್ಕಿಂತ ಇದು ಎಷ್ಟೋ ಮೇಲು.

ಅಡ್ಡದಾರಿಯ ಬಗ್ಗೆಯೂ ಎಚ್ಚರಿಸಬೇಕು. ಬೇಗ ಮುಗಿಸುವ ಆತುರದಲ್ಲಿ ಹಾರದ ತಾಸುಗಳನ್ನು ಪುಸ್ತಕದಲ್ಲಿ ಬರೆದುಕೊಡುವ ಆಮಿಷ ಬರುವುದುಂಟು. 2011ರ ಜನವರಿಯಲ್ಲಿ ಗೋವಾದಲ್ಲಿ ವಿಮಾನದ ಮುಂದಿನ ಚಕ್ರವನ್ನೇ ಮೊದಲು ನೆಲಕ್ಕೆ ತಾಗಿಸಿ ಇಳಿಸಿದ ಪ್ರಕರಣ ನೆನಪಿರಬಹುದು. ತನಿಖೆ ಮಾಡಿದಾಗ ಖೊಟ್ಟಿ ಅಂಕಪಟ್ಟಿ ಬೆಳಕಿಗೆ ಬಂತು. ಮುಂದೆ ರಾಜಸ್ಥಾನದಲ್ಲಿ ಹಾರಾಟದ ತಾಸುಗಳನ್ನೇ ಸುಳ್ಳು ಬರೆದದ್ದು ಹೊರಬಿತ್ತು, ಬಂಧನಗಳಾದವು. ಮೂವತ್ತರ ನಂತರ ಹೊಸ ಬದುಕು ಕಟ್ಟಹೊರಟವನಿಗೆ ಹಾಗೆ ಸಿಕ್ಕಿಬಿದ್ದರೆ ಹಿಂದಿನ ನೌಕರಿಯೂ ಇಲ್ಲ, ಮುಂದಿನದೂ ಇಲ್ಲ.

ಕಡೆಗೆ ಹಣದ ಮಾತು. ದೇಶದೊಳಗಿನ ಶಾಲೆಗಳಲ್ಲಿ ಸುಮಾರು 40 ರಿಂದ 60 ಲಕ್ಷ. ನಂತರ ಕಂಪನಿಯ ದೊಡ್ಡ ವಿಮಾನಕ್ಕೆ ಬೇಕಾದ ಟೈಪ್ ರೇಟಿಂಗ್‌ಗೆ ಇನ್ನೂ ಹತ್ತು ಹದಿನೈದು ಲಕ್ಷ, ಕೆಲವೊಮ್ಮೆ ಅದಕ್ಕೂ ಮೇಲೆ. ಕಂಪನಿಗಳೇ ನಡೆಸುವ ಕೆಡೆಟ್ ಯೋಜನೆಗಳಲ್ಲಿ ಕೆಲಸದ ಭರವಸೆ ಹೆಚ್ಚು, ಖರ್ಚು ಕೋಟಿಯ ಆಸುಪಾಸು, ವಯಸ್ಸಿನ ಮಿತಿಯೂ ಇರುತ್ತದೆ. ಕೇಂದ್ರದ ರಾಯ್‌ಬರೇಲಿ ಬಳಿಯ ಅಕಾಡೆಮಿಯೂ ಮೂವತ್ತು ದಾಟಿದವರಿಗಲ್ಲ. ಲೈಸೆನ್ಸಿಗೆ ಮಾತ್ರ ಗರಿಷ್ಠ ವಯಸ್ಸಿಲ್ಲ, 65ರ ತನಕ ಪ್ರಯಾಣಿಕ ವಿಮಾನ ಹಾರಿಸಬಹುದು.

ನಮ್ಮ ಜತ್ತಿನ ಹುಡುಗನ ಜೊತೆ ಕುಳಿತು ಲೆಕ್ಕ ಹಾಕಿದೆ. 50 ಲಕ್ಷ ಸಾಲ, ನೂರಕ್ಕೆ 10ರ ಬಡ್ಡಿ, ಹತ್ತು ವರ್ಷ ಎಂದರೆ ತಿಂಗಳ ಕಂತು 66 ಸಾವಿರ, ಅವನ ಈಗಿನ ಪಗಾರಕ್ಕಿಂತ ಹೆಚ್ಚು. ಕಲಿಯುವ ಎರಡು ವರ್ಷದ ಪಗಾರ ತಪ್ಪಿದ್ದು 14 ಲಕ್ಷ. ಇದನ್ನು ಶಾಲೆಯ ಪುಸ್ತಿಕೆ ಬರೆಯುವುದಿಲ್ಲ. ಏಳೂವರೆ ಲಕ್ಷದ ಮೇಲಿನ ಶಿಕ್ಷಣ ಸಾಲಕ್ಕೆ ಬ್ಯಾಂಕು ಅಡಮಾನ ಕೇಳುತ್ತದೆ. ಮನೆ, ಪ್ಲಾಟು ಇದ್ದರೆ ಸರಿ. ಹೊಲವನ್ನು ಒಪ್ಪಲು ಬ್ಯಾಂಕು ಹಿಂಜರಿಯುತ್ತದೆ, ಏಕೆಂದರೆ ಸಾಲ ಮುಳುಗಿದಾಗ ಕೋರ್ಟಿಗೆ ಹೋಗದೆ ಜಪ್ತಿ ಮಾಡುವ ಸರ್ಫೇಸಿ ಕಾನೂನು ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ. ರೈತನನ್ನು ಕಾಯುವ ಆ ಕಾನೂನೇ ಇಲ್ಲಿ ಅವನನ್ನು ಹೊಲ ಮಾರುವ ಕಡೆಗೆ ನೂಕುತ್ತದೆ. ಅದರ ಮೇಲೆ ಗಡಿಯ ಕಾಟ. ಸಾಲ ಕೇಳುವುದು ಕಲಬುರಗಿಯ ಶಾಖೆಯಲ್ಲಿ, ಹೊಲದ ಕಾಗದ ಮರಾಠಿಯ ಸಾತಬಾರಾ ಉತಾರೆ. ಸರಕಾರದ ನೆರವೂ ಹಾಗೆಯೇ. ಕೇರಳದಲ್ಲಿ ಪರಿಶಿಷ್ಟ ಜಾತಿಯ ಮಕ್ಕಳ ಪೈಲಟ್ ತರಬೇತಿಗೆ 'ವಿಂಗ್ಸ್' ಎಂಬ ಯೋಜನೆ ಬಂತು. ಕಾಸರಗೋಡು, ವಯನಾಡಿನ ಕನ್ನಡಿಗರು ವಿಚಾರಿಸಬೇಕಾದದ್ದು ತಿರುವನಂತಪುರದಲ್ಲಿ, ಬೆಂಗಳೂರಿನಲ್ಲಲ್ಲ. ಕನ್ನಡಿಗರಾದ ಮಾತ್ರಕ್ಕೆ ಕರ್ನಾಟಕದ ಯೋಜನೆ ನಮಗೆ ಸಿಗುವುದಿಲ್ಲ, ವಾಸಸ್ಥಳದ ದಾಖಲೆ ಕೇಳುತ್ತಾರೆ.

ಶುಲ್ಕವನ್ನು ಒಂದೇ ಸಲ ಕಟ್ಟಿದರೆ ಎರಡು ಲಕ್ಷ ರಿಯಾಯಿತಿ ಎನ್ನುವವರಿದ್ದಾರೆ. ಬೇಡ. ಹಾರಿದ ತಾಸಿಗೆ ತಕ್ಕಂತೆ ಕಂತು, ಶಾಲೆ ಮುಚ್ಚಿದರೆ ಅಥವಾ ವಿಮಾನ ನಿಂತರೆ ಉಳಿದ ಹಣ ಎಷ್ಟು ದಿನದಲ್ಲಿ ವಾಪಸು, ಇಂಧನದ ದರ ಏರಿದರೆ ಹೊರೆ ಯಾರದು, ಇವಿಷ್ಟು ಸ್ಟಾಂಪ್ ಕಾಗದದ ಮೇಲೆ ಇರಬೇಕು. ಜಾನುವಾರು ಸಂತೆಯಲ್ಲಿ ಎತ್ತಿನ ಹಲ್ಲು ಎಣಿಸದೆ ದುಡ್ಡು ಬಿಚ್ಚದ ನಮ್ಮ ಜನ, ತಣ್ಣನೆಯ ಕೋಣೆಯಲ್ಲಿ ಇಂಗ್ಲಿಷಿನ ಕರಾರಿಗೆ ಓದದೆ ಸಹಿ ಹಾಕುತ್ತಾರೆ.

ವಿದೇಶದ ಶಾಲೆಗಳ ಬಗ್ಗೆ ಹುಡುಗ ಕೇಳಿದ್ದ. ಅಮೆರಿಕ, ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್‌ಗಳಲ್ಲಿ ಹಾರಾಟ ಬೇಗ ಮುಗಿಯುತ್ತದೆ ಎಂಬುದು ನಿಜ. ಆದರೆ ಅಲ್ಲಿನ ಲೈಸೆನ್ಸನ್ನು ಇಲ್ಲಿನದಕ್ಕೆ ಬದಲಿಸಿಕೊಳ್ಳಲು ಡಿಜಿಸಿಎ ಪರೀಕ್ಷೆ ಬರೆಯಲೇಬೇಕು, ಇಲ್ಲಿ ಮತ್ತೆ ಹಾರಿ ತೋರಿಸಬೇಕು. ರೂಪಾಯಿ ಕುಸಿದರೆ ನಿಮ್ಮ ಶುಲ್ಕ ತಾನಾಗಿ ಏರುತ್ತದೆ.

ಹುಡುಗ ಈಗ ನೌಕರಿಯಲ್ಲಿಯೇ ಇದ್ದಾನೆ. ಎರಡನೆಯ ದರ್ಜೆಯ ತಪಾಸಣೆ ಆಗಿದೆ, ಮೊದಲ ದರ್ಜೆಗೆ ಬೆಂಗಳೂರಿನ ತಾರೀಖು ಕಾಯುತ್ತಿದ್ದಾನೆ. ಹವಾಮಾನದ ಪುಸ್ತಕ ಅರ್ಧ ಓದಿದ್ದೇನೆ ಎಂದು ಮೊನ್ನೆ ಫೋನ್ ಮಾಡಿದ್ದ. ಮೂರು ಶಾಲೆಗಳಿಗೆ ಪತ್ರ ಬರೆದು ವಿಮಾನ ಎಷ್ಟು, ವಿದ್ಯಾರ್ಥಿ ಎಷ್ಟು, ಹಣ ವಾಪಸಿನ ಕರಾರು ಏನು ಎಂದು ಕೇಳಿದ್ದಾನೆ. ಒಂದು ಶಾಲೆ ಲಿಖಿತವಾಗಿ ಉತ್ತರಿಸಿದೆ. ಇನ್ನೊಂದು, ಬಂದು ಭೇಟಿಯಾಗಿ ಎಂದಿದೆ. ಮೂರನೆಯದರಿಂದ ದಿನಕ್ಕೆರಡು ಸಲ ಫೋನ್ ಬರುತ್ತದಂತೆ, ಸೀಟು ಎರಡೇ ಉಳಿದಿವೆ ಎಂದು. ಹೊಲದ ಮಾತು ತೆಗೆದಾಗ ಅವನ ತಂದೆ ನನಗೆ ಹೇಳಿದ್ದು ಇಷ್ಟೇ: "ಕಡ್ಲಿ ಬಿತ್ತೀನಿ ಸರ, ರಾಶಿ ಆಗೂತನಕ ಯಾರಿಗೂ ತೋರಸಾಂಗಿಲ್ಲ."